ಸೊಸಿಯ ಕಾಯಂ ನೌಕರಿ ಮತ್ತು ನೀಲಿ ಬಾಟ್ಲಿ

ಬರ್ರಿ, ಒಳಗ ಬರ್ರಿ. ಚಪ್ಪಲಿ ಅಲ್ಲೇ ಬಿಡ್ರಿ. ಆ ಕುರ್ಚಿ ಮ್ಯಾಲ ಬ್ಯಾಡ, ಅದರ ಒಂದು ಕಾಲು ಕುಂಟ ಐತಿ. ಚಾಪಿ ಮ್ಯಾಲ ಕುಂಡ್ರಿ, ಗ್ವಾಡಿಗೆ ಬೆನ್ನು ಕೊಡ್ರಿ. ಚಾಕ್ಕ ನೀರು ಇಟ್ಟೇನಿ. ಅದು ಕುದಿಯೂತನಕ ಸುಮ್ಮನ ಯಾಕ ಕುಂಡ್ರಬೇಕು, ನಮ್ಮ ಸೊಸಿಗೆ ನೌಕರಿ ಕಾಯಂ ಆದ ಕತಿ ಹೇಳ್ತೇನಿ ಕೇಳ್ರಿ.

ಕೆಲವರ ಮನಿಗೆ ಹೊಸಾ ಸಾಮಾನು ಬಂದ್ರ ಅದು ಕಪಾಟಿನ್ಯಾಗ ತೆಪ್ಪಗ ಕುಂಡರತೈತಿ. ನಮ್ಮ ಮನಿಗೆ ಬಂದದ್ದು ಹಂಗ ಕುಂಡ್ರೂದಿಲ್ಲ. ಏನರ ಒಂದು ಆಗೇ ಆಗತೈತಿ. ಈ ಸಲ ಬಂದದ್ದು ಗಾಜು ಒರಸೂ ನೀಲಿ ನೀರಿನ ಬಾಟ್ಲಿ. ಮೂತಿಗೆ ಪಿಚಕಾರಿ ಇರತೈತಿ, ಒತ್ತಿದ್ರ ಫುಸ್ ಅಂತೈತಿ. ನೋಡಾಕ ಭಾಳ ಸಂಭಾವಿತ.

ನಮ್ಮ ಸೊಸಿ ಜೋಯಿಡಾ ರಸ್ತಾದಾಗ, ಕಾಳಿ ನದಿ ದಂಡಿಮ್ಯಾಲಿನ ಒಂದು ರೆಸಾರ್ಟಿನ್ಯಾಗ ಕೆಲಸಕ್ಕ ಸೇರಿದ್ಲು. ಅಲ್ಲಿ ಊಟದ ಹಾಲ್ ಪೂರಾ ಗಾಜಿಂದು. ಕುಂತಲ್ಲೇ ನದಿ ಕಾಣಬೇಕು, ಕಾಡು ಕಾಣಬೇಕು ಅಂತ ಕಟ್ಟಿಸ್ಯಾರ. ಅದನ್ನ ಒರಸೂದು ಇಕಿ ಕೆಲಸ. ಆದ್ರ ಕಾಯಂ ಅಲ್ಲ. "ಸಂಕ್ರಾಂತಿ ಆದಮ್ಯಾಲ ಮಾಲಕರು ಬರ್ತಾರ, ಕೆಲಸ ನೋಡ್ತಾರ, ಆಮ್ಯಾಲ ಕಾಯಂ" ಅಂತ ಮ್ಯಾನೇಜರ್ ಹೇಳಿದ್ದ. ಕಾಯಂ ಆದವರಿಗೆ ಕೊಳ್ಳಾಗ ಹಾಕ್ಕೊಳ್ಳಾಕ ಕಾರ್ಡ್ ಕೊಡ್ತಾರ, ಅದರಾಗ ಅವರ ಫೋಟೋ ಇರತೈತಿ, ಹೆಸರು ಇರತೈತಿ. ಕರಕೊಂಡು ಹೋಗಾಕ ವ್ಯಾನ್ ಬರತೈತಿ. ಉಳದವರು ಕುಂಬಾರವಾಡದ ಬಸ್ಸಿಗೆ ಕಾಯಬೇಕು. ಆ ಬಸ್ಸೋ, ಮನಸಿದ್ರ ಬರತೈತಿ, ಇಲ್ಲಾಂದ್ರ ಇಲ್ಲ.

ಸೊಸಿಗೆ ವ್ಯಾನಿಗಿಂತ ಆ ಕಾರ್ಡಿಂದ ಆಸೆ ಭಾಳ. "ಅತ್ಯಾರ, ಹುಟ್ಟಿದಾಗ ಅವರ ಮಗಳು ಅಂದ್ರು, ಲಗ್ನ ಆದಮ್ಯಾಲ ಇವರ ಹೆಂಡ್ತಿ ಅಂದ್ರು, ಇಲ್ಲೆ ಅಂಬೇವಾಡ್ಯಾಗ ನಿಮ್ಮ ಸೊಸಿ ಅಂತಾರ. ನನ್ನ ಹೆಸರು ಬರದ ಒಂದು ವಸ್ತು ನನ್ನ ಕೊಳ್ಳಾಗ ಇರಬೇಕ್ರಿ" ಅಂದಿದ್ಲು. ಆ ಮಾತು ನನ್ನ ಎದಿಗೆ ನಾಟಿತ್ತು. ಹಿಂಗಾಗಿ ಅಕಿಗಿಂತ ನನಗ ಅವಸರ ಜಾಸ್ತಿ ಆತು. ಎಲ್ಲಾ ಸುರು ಆದದ್ದ ಅಲ್ಲಿಂದ.

೧. ದೇವರ ಜಗಲಿ ಮ್ಯಾಲಿನ ಬೆಳಕು

"ಮನ್ಯಾಗ ಒರಸಿ ಕೈ ಪಳಗಿಸ್ಕೋ" ಅಂತ ಮ್ಯಾನೇಜರ್ ಸೊಸಿಗೆ ಒಂದು ಬಾಟ್ಲಿ ಕೊಟ್ಟು ಕಳಿಸಿದ. ನಮ್ಮ ಮನ್ಯಾಗ ಗಾಜು ಎಲ್ಲೈತಿ? ಒಂದು ಕನ್ನಡಿ, ನಮ್ಮ ಯಜಮಾನ್ರ ಚಸ್ಮಾ, ದೇವರ ಪಟಾ. ಕನ್ನಡಿ ಒರಸಿ ಒರಸಿ ಸೊಸಿ ಅದನ್ನ ಹೆಂಗ ಮಾಡಿಟ್ಲಂದ್ರ, ನನ್ನ ಮಾರಿ ಮ್ಯಾಲಿನ ನಿರಿಗಿ ಒಂದೂ ಬಿಡದಂಗ ಕಾಣಾಕ ಹತ್ತಿದ್ವು.

ಒಂದು ಶುಕ್ರವಾರ ಸೊಸಿ ಕೆಲಸಕ್ಕ ಹೋಗಿದ್ಲು. ನಾ ಬಾಟ್ಲಿ ಕೈಯಾಗ ಹಿಡದು ತಿರುವಿ ತಿರುವಿ ನೋಡಿದೆ. ನನಗ ಓದಾಕ ಬರೂದಿಲ್ಲ, ಚಿತ್ರಾ ತಿಳಿತಾವು. ಬಾಟ್ಲಿ ಹಿಂದ ಒಂದು ಕೆಂಪು ಚೌಕ, ರಂಗೋಲಿ ಹಾಕಿದಂಗ ಮೂಲಿ ಮ್ಯಾಲ ನಿಂತಿತ್ತು. ಅದರೊಳಗ ಉರಿಯೂ ದೀಪ! ನನಗ ಒಂದೇ ಏಟಿಗೆ ತಿಳೀತು. ರಂಗೋಲಿ ಐತಿ, ದೀಪ ಐತಿ ಅಂದಮ್ಯಾಲ ಇದು ದೇವರ ಪಟಾ ಒರಸಾಕಂತನ ಮಾಡಿದ್ದು. ಕಂಪನಿಯವರು ಎಷ್ಟು ಭಕ್ತಿವಂತರು ಅಂತ ಬಾಟ್ಲಿಗೆ ಕೈ ಮುಗದೆ.

ಯಜಮಾನ್ರು ಆಗಷ್ಟ ಸ್ನಾನಾ ಮಾಡಿ, ದೀಪ ಹಚ್ಚಿ, ಬಗ್ಗಿ ಊದಿನಕಡ್ಡಿ ಹಚ್ಚಾಕತ್ತಿದ್ರು. ಅವರ ಮೀಸಿ ನೀವು ನೋಡಬೇಕಿತ್ತು. ಕಾಗದದ ಮಿಲ್ಲಿನ್ಯಾಗ ಕೆಲಸ ಮಾಡೂ ಮುಂದ "ಆ ಮೀಸಿಯವರನ್ನ ಕರೀರಿ" ಅಂದ್ರ ಇವರೇ ಹೋಗಬೇಕು. ರಿಟೈರ್ ಆದ್ರೂ ದಿನಾ ಎಣ್ಣಿ ಹಚ್ಚಿ ತೀಡತಿದ್ರು.

"ಸ್ವಲ್ಪ ಬಾಜೂಕ ಸರೀರಿ, ದೇವರ ಮಾರಿ ಒರಸ್ತೇನಿ" ಅಂದೆ.

"ನಿಂದೇನ ಅವಸರ? ಪೂಜಿ ಮುಗೀಲಿ."

"ದೀಪ ಇದ್ದಾಗನ ಒರಸಬೇಕಂತ ಬಾಟ್ಲಿ ಮ್ಯಾಲ ಬರದಾರ."

"ನಿನಗೆಂದ ಓದಾಕ ಬಂತು?" ಅಂತ ಅವರು ಈ ಕಡೆ ತಿರಗೂದಕ್ಕೂ, ನಾ ಒತ್ತೂದಕ್ಕೂ ಒಂದ ಆತು. ಫುಸ್ ಅಂತು, ಅದರ ಹಿಂದನ ಭುಸ್ ಅಂತು. ದೀಪದ ಕುಡಿ ಒಂದು ಮೊಳ ಎದ್ದು, ಯಜಮಾನ್ರ ಮಾರಿ ಸವರಿ, ತನ್ನ ಜಾಗಾಕ ತಾ ಹೋಗಿ ಕುಂತಿತು. ಕೂದಲಾ ಸುಟ್ಟ ವಾಸನಿ ಬಂತು. ನಾ ಹೌಹಾರಿ ಬಾಟ್ಲಿ ಒಗದೆ, ಪೂಜಿಗೆ ಇಟ್ಟಿದ್ದ ತಂಬಿಗಿ ನೀರು ಅವರ ಮಾರಿಗೆ ಗೊಜ್ಜಿದೆ. ಪುಣ್ಯಾಕ ಚರ್ಮಕ್ಕ ಏನೂ ಆಗಿರಲಿಲ್ಲ. ಆದ್ರ ಬಲಗಡೆ ಮೀಸಿ ಇದ್ದ ಜಾಗಾದಾಗ ಮೀಸಿ ಇರಲಿಲ್ಲ.

ಸಂಜಿಗೆ ಸೊಸಿ ಬಂದು ನೋಡಿ ಹಣಿ ಬಡಕೊಂಡ್ಲು. "ಅತ್ಯಾರ, ಆ ಚಿತ್ರಾ ಅಂದ್ರ ಬೆಂಕಿ ಹತ್ತತೈತಿ, ಬೆಂಕಿ ಹಂತ್ಯಾಕ ಒಯ್ಯಬ್ಯಾಡ್ರಿ ಅಂತ!"

"ಹಂಗಿದ್ರ ಬೆಂಕಿ ಮ್ಯಾಲ ಒಂದು ಅಡ್ಡಗೆರಿ ಎಳೀಬೇಕಿತ್ತವ್ವ. ಇಷ್ಟು ಚಂದ ರಂಗೋಲಿ ಯಾಕ ಹಾಕಬೇಕು?" ಅಂದೆ ನಾ.

ಯಜಮಾನ್ರು ಎಡಗಡೆ ಮೀಸೀನೂ ಬೋಳಿಸ್ಕೊಂಡು ಬಂದು ಆ ಥಳಥಳ ಕನ್ನಡಿ ಮುಂದ ಭಾಳ ಹೊತ್ತು ನಿಂತ್ರು. ಆಮ್ಯಾಲ ಅಂದ್ರು, "ದೇವರ ಮಾರಿ ಸ್ವಚ್ಛ ಆತೋ ಇಲ್ಲೋ ದೇವರಿಗೇ ಗೊತ್ತು. ನಂದಂತೂ ಆತು."

೨. ಮಾಳಕರಿಯ ಧೋತರ

ಪಿಚಕಾರಿ ನಾ ಒಗದ ರಭಸಕ್ಕ ಮುರದಿತ್ತು. ಉಳದ ನೀಲಿ ನೀರು ಚೆಲ್ಲೂದ್ಯಾಕ ಅಂತ ಸೊಸಿ ಒಂದು ಖಾಲಿ ಬಾಟ್ಲಿಗೆ ಹಾಕಿ ಬಚ್ಚಲದ ಕಿಡಕ್ಯಾಗ ಇಟ್ಲು. ಖಾಲಿ ಬಾಟ್ಲಿ ಯಾವುದು? ಬಿಳೇ ಅರಬಿಗೆ ಹಾಕತೇವಲ್ಲ, ನೀಲಿ, ಅದರದ್ದು.

ನಮ್ಮ ಮಗ್ಗಲ ಮನಿಯವರು ಬೆಳಗಾವಿ ಕಡೆಯವರು. ಗಂಡ ಮಾಳಕರಿ. ಕೊಳ್ಳಾಗ ತುಳಸಿ ಮಾಲಿ, ಹಣಿಗೆ ಕರೇ ಬುಕ್ಕಾ ಪುಡಿ, ವರ್ಷಾ ಪಂಢರಪುರಕ್ಕ ನಡಕೊಂಡು ಹೋಗೂ ಮನುಷ್ಯಾ. ಉಳ್ಳಾಗಡ್ಡಿ ಸೈತ ಮುಟ್ಟೂದಿಲ್ಲ. ಅವರ ಮಗಳಿಗೆ ಹಳಿಯಾಳದಾಗ ವರ ನೋಡಿದ್ರು. ಮಾತುಕತಿಗೆ ಮರುದಿನಾ ಹೋಗೂದಿತ್ತು. ಮಳಿಗಾಲ ಬ್ಯಾರೆ. ಆ ಅಕ್ಕ ಗೋಡಿ ಮ್ಯಾಲಿಂದ ಹಣಿಕಿ ಹಾಕಿ, "ಮಾವಶಿ, ಸ್ವಲ್ಪ ನೀಲಿ ಐತಿ ಏನ್ರಿ? ಇವರ ಧೋತರಕ್ಕ ಹಾಕಬೇಕು" ಅಂದ್ಲು. ನಾ ಅಡಗಿ ಮನ್ಯಾಗಿದ್ದೆ. "ಬಚ್ಚಲ ಕಿಡಕ್ಯಾಗ ಐತಿ ನೋಡ, ತಗೊಂಡು ಹೋಗ" ಅಂದೆ. ಅದರೊಳಗ ಏನೈತಿ ಅನ್ನೂದು ನನಗೂ ಗೊತ್ತಿರಲಿಲ್ಲ.

ಅಕಿ ಒಂದು ಮುಚ್ಚಳ ಹಾಕಿದ್ಲಂತ, ಬಣ್ಣ ಏರಲಿಲ್ಲ. ಇನ್ನೊಂದು ಹಾಕಿದ್ಲು, ಏರಲಿಲ್ಲ. "ಹಳೇದಾಗೇತಿ, ಕಸುವು ಹೋಗೇತಿ" ಅಂತ ಪೂರಾ ಬಾಟ್ಲಿ ಬೋರಲ ಹಾಕಿದ್ಲು. ಧೋತರ, ಅಂಗಿ, ಗಾಂಧಿ ಟೊಪಿಗಿ, ಮೂರೂ ಅದರಾಗ ಅದ್ದಿ ತಗದ್ಲು. ಮಳಿಗೆ ಅರಬಿ ಒಣಗಬೇಕಲ್ಲ? ಅರ್ಧಾ ಹಸೀನ ಇಸ್ತ್ರಿ ಹೊಡದು ಗಂಡಗ ಉಡಿಸಿ ಕಳಿಸಿದ್ಲು.

ಬಸ್ಸಿನ್ಯಾಗ ಮಾಳಕರಿಗೆ ಕುತ್ತಿಗಿ ತುರಸಾಕ ಹತ್ತಿತು. ಹಳಿಯಾಳ ಬರೂದ್ರಾಗ ಬೆನ್ನು, ಹೊಟ್ಟಿ, ಎಲ್ಲಾ ಕಡೆ ಸುರು ಆತು. ಬೀಗರ ಮನ್ಯಾಗ ಕುಂತ್ರ ಕುಂಡ್ರಾಕ ಆಗವಲ್ದು. ಮೈ ತಿರುವತಾರ, ಭುಜಾ ಹಾರಸತಾರ, ಕಣ್ಣು ಕೆಂಪಾಗ್ಯಾವು. ಅದರ ಮ್ಯಾಲ ಆ ಹಸೀ ಅರಬಿ ಮೈ ಬಿಸಿಗೆ ಕಾದು ಗಮ್ಮಂತ ಸ್ಪಿರಿಟಿನ ವಾಸನಿ! ಹೆಣ್ಣುಮಕ್ಕಳು ಸೆರಗು ಮೂಗಿಗೆ ಹಿಡಕೊಂಡು ಒಳಗ ಹೋದ್ರು. ಮಾಳಕರಿ ನಾಚಿ, "ಪಾಂಡುರಂಗಾ, ಪಾಂಡುರಂಗಾ" ಅಂತ ಕಣ್ಣು ಮುಚ್ಚಿದ್ರು. ಅದನ್ನ ನೋಡಿ, ಇವರಿಗೆ ಪೂರಾ ಏರೇತಿ ಅಂತ ಎಲ್ಲಾರಿಗೂ ಖಾತ್ರಿ ಆತು.

ಮಾತುಕತಿ ಮುರೀತು ಅಂತ ಮಾಳಕರಿ ಎದ್ದು ನಿಂತ್ರು. ಅಷ್ಟೊತ್ತಿಗೆ ಹುಡುಗನ ಅಪ್ಪ ಬಂದು ಹೆಗಲ ಮ್ಯಾಲ ಕೈ ಹಾಕಿ, ದನದ ಕೊಟಗಿ ಹಿಂದ ಕರಕೊಂಡು ಹೋಗಿ, ಕಿವ್ಯಾಗ ಸಣ್ಣಗ ಹೇಳಿದ್ನಂತ: "ಬೀಗರ, ತುಳಸಿ ಮಾಲಿ ನೋಡಿ ನಾ ಭಾಳ ಹೆದರಿದ್ದೆ. ಈಗ ಸಮಾಧಾನ ಆತು ನೋಡ್ರಿ. ಲಗ್ನ ಪಕ್ಕಾ. ಸಂಜೀತನಕ ನಿಂದರ್ರಿ, ನನ್ನ ಹಂತ್ಯಾಕೂ ಒಂದು ಐತಿ."

೩. ಎರಡು ಕೂಡಿದ್ರ ಮೂರನೇದು

ಇದು ನಾ ಕಣ್ಣಾರೆ ಕಂಡದ್ದಲ್ಲ. ಸೊಸಿ ಗೆಳತಿ ಹೇಳಿದ್ದು. ಅಕಿ ಹಳಿಯಾಳ ಕಡೆ ಸಿದ್ದಿಯರ ವಾಡ್ಯಾಗಿನಾಕಿ, ಅದೇ ರೆಸಾರ್ಟಿನ್ಯಾಗ ಖೋಲಿ ಸ್ವಚ್ಛ ಮಾಡ್ತಾಳ. ನನಗ ಆಯಿ ಅಂತಾಳ. ಅಕಿ ಒಂದು ಸಲ ನಕ್ರ ನದಿ ಆಚೆ ದಂಡಿಯವರು ತಿರಗಿ ನೋಡಬೇಕು.

ಒಂದು ಖೋಲಿ ಬಚ್ಚಲದ ಗಾಜಿನ ಬಾಗಲಾ ಎಷ್ಟು ಒರಸಿದ್ರೂ ಬೆಳ್ಳನ್ನ ಕಲಿ ಹೋಗವಲ್ದಾಗಿತ್ತು. ನಮ್ಮ ಸೊಸಿ ವಿಚಾರ ಮಾಡಿದ್ಲು. ನೀಲಿ ನೀರು ಚಲೋ, ಬ್ಲೀಚಿಂಗ್ ಪುಡಿನೂ ಚಲೋ. ಎರಡೂ ಕೂಡಿಸಿದ್ರ ಇನ್ನೂ ಚಲೋ ಆಗಬೇಕಲ್ಲ? ಬಕೀಟಿನ್ಯಾಗ ಪುಡಿ ನೆನಸಿ, ಅದರ ಮ್ಯಾಲ ಕ್ಯಾನಿನಿಂದ ನೀಲಿ ನೀರು ಸುರುವಿ, ಕಡ್ಡಿಲೆ ಕಲಿಸಿದ್ಲು.

"ಅಕ್ಕಾ, ಇದು ಚಟ್ನಿ ಅಲ್ಲ, ಯಾಕ ಹಂಗ ಕಲಿಸಾಕತ್ತಿ?" ಅಂತ ಗೆಳತಿ ಕೇಳೂದ್ರಾಗ ಬಕೀಟಿನಿಂದ ಖಾರಾ ಹವಾ ಎದ್ದು ಮೂಗಿಗೆ ಬಡೀತು. ಕಣ್ಣಾಗ ನೀರು, ಗಂಟಲದಾಗ ಉರಿ. ಒಣ ಮೆಣಸಿನಕಾಯಿ ಮೂಟೀನ ಯಾರೋ ಬೆಂಕಿಗೆ ಒಗದಂಗ. ಗೆಳತಿ ಶ್ಯಾಣೇಕಿ. ಸೊಸಿ ರಟ್ಟಿ ಹಿಡದು ಹೊರಗ ಎಳಕೊಂಡು ಬಂದು, ಹೋಗತಾ ಹೋಗತಾ ಬಾಗಲಾ, ಕಿಡಕಿ ಎಲ್ಲಾ ಒದ್ದು ತಗದು, "ಎಲ್ಲಾರೂ ಹೊರಗ ಬರ್ರಿ! ಯಾರೂ ಒಳಗ ಇರಬ್ಯಾಡ್ರಿ!" ಅಂತ ಒದರಿದ್ಲು.

ಸಾಲಿನ್ಯಾಗಿನ ಖೋಲಿಯವರೆಲ್ಲಾ ಹುಲಿ ಬಂತಂತ ತಿಳದು ಓಡಿ ಬಂದ್ರು. ಪುಣೆಯವರೊಬ್ಬರು ಆಗ ಸ್ನಾನಾ ಮಾಡಾಕತ್ತಿದ್ರು. ತಲಿ ತುಂಬ ಸಾಬಣಿ ಬುರುಗು, ಮೈಗೆ ರೆಸಾರ್ಟಿನ ಬೆಡಶೀಟು, ಕಾಲಾಗ ಒಂದ ಚಪ್ಪಲಿ. "ಕುಠೆ ಆಹೆ ವಾಘ? ಕುಠೆ ಆಹೆ?" ಹುಲಿ ಎಲ್ಲೈತಿ, ಎಲ್ಲೈತಿ ಅಂತ ಕಣ್ಣು ಮುಚಗೊಂಡ ನಾಕೂ ದಿಕ್ಕಿಗೆ ತಿರಗಾಕತ್ತಿದ್ರು. ಅವರ ಮನಿಯವರು ಮಾತ್ರ ಸಮಾಧಾನದಿಂದ ಫೋಟೋ ತಗಿಯಾಕತ್ತಿದ್ರು.

ಹೊರಗಿನ ಹವಾಕ್ಕ ಇಬ್ಬರೂ ಕೆಮ್ಮಿ ಕೆಮ್ಮಿ ಆರಾಮಾದ್ರು. ಮ್ಯಾನೇಜರ್ ಮಾರಿ ಕರ್ರಗಾಗಿತ್ತು. "ಇನ್ನೊಂದು ತಪ್ಪಾದ್ರ ಕಾಯಂ ಇಲ್ಲ, ಕಾರ್ಡ್ ಇಲ್ಲ, ನೀನೂ ಇಲ್ಲ. ಮುಂಡಗೋಡದಾಗ ಈ ಮಾಲು ಮಾರಾಂವ ಕಲಿಸಿಕೊಡತಾನಂತ. ಹೋಗಿ ಕಲತು ಬಾ" ಅಂದ.

ಸೊಸಿ ಮನಿಗೆ ಬಂದು ಊಟಾ ಬಿಟ್ಟು ಕುಂತ್ಲು. ಆದ್ರ ಆ ಪುಣೆಯವರು ಹೋಗೂ ಮುಂದ ಮ್ಯಾನೇಜರ್ ಕೈ ಹಿಡದು ಹೇಳಿದ್ರಂತ: "ಹುಲಿ ಕಾಣಲಿಲ್ಲ ಖರೆ, ಆದ್ರ ಹೆದರಿಕಿ ಪೂರಾ ಸಿಕ್ತು. ಮತ್ತ ಬರ್ತೇವಿ."

೪. ಮುಂಡಗೋಡದ ಪಾಠ

ಮುಂಡಗೋಡದಾಗ ನನ್ನ ತಂಗಿ ಮನಿ ಐತಿ. ಅದಕ ನಾನೂ ಸೊಸಿ ಜೋಡಿ ಹೊಂಟೆ. ಮಾಲು ಮಾರಾಂವ ತನ್ನ ಅಂಗಡಿ ಹಿಂದಿನ ಖೋಲ್ಯಾಗ ಚಾಪಿ ಹಾಸಿ ಎಲ್ಲಾರನ್ನೂ ಕುಂಡ್ರಿಸಿದ್ದ. ಹೋಟೆಲಿನವರು, ಲಾಡ್ಜಿನವರು, ದವಾಖಾನಿ ಒರಸೂ ಹೆಣ್ಣುಮಕ್ಕಳು. ನನ್ನ ಮಗ್ಗಲಕ ಒಬ್ಬ ಟಿಬೇಟಿನ ಅಜ್ಜಿ ಕುಂತಿದ್ಲು. ಟಿಬೇಟಿನವರ ಕ್ಯಾಂಪಿನ್ಯಾಗ ಅಕಿದು ಸಣ್ಣ ನೂಡಲ್ಸ್ ಹೋಟೆಲ್ಲು. ಬಣ್ಣ ಬಣ್ಣದ ಪಟ್ಟಿ ಇದ್ದ ಅರಬಿ ಸೊಂಟದ ಮುಂದ ಕಟ್ಟಿ, ಕೈಯಾಗ ಜಪದ ಮಣಿ ತಿರುವಿಕೋತ ಕಣ್ಣು ಅರ್ಧಾ ಮುಚ್ಚಿದ್ಲು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವಿ. ಅಕಿಗೆ ಕನ್ನಡಾ ಬರೂದಿಲ್ಲಂತ ನಾ ತಿಳಕೊಂಡಿದ್ದೆ.

ಮಾರಾಂವ ಎಲ್ಲಾರ ಮುಂದ ನಿಂತು ಕೈಗೆ ರಬ್ಬರ್ ಚೀಲಾ ಹಾಕ್ಕೊಂಡ. ಕಣ್ಣಿಗೆ ದೊಡ್ಡ ಚಸ್ಮಾ ಹಾಕ್ಕೊಂಡ. ಮೂಗು ಬಾಯಿಗೆ ಮಾಸ್ಕ ಕಟ್ಟಿದ. ಆಮ್ಯಾಲ ಮಾತಾಡಾಕ ಸುರು ಮಾಡಿದ. ಮಾಸ್ಕಿನಿಂದ ಒಂದು ಅಕ್ಷರಾ ಹೊರಗ ಬರವಲ್ದು. ಭಮ್ ಭಮ್ ಅಂತ ಬರೇ ಸಪ್ಪಳ. "ಮಾಸ್ಕ ತಗದು ಹೇಳ್ರಿ" ಅಂತ ಹಿಂದಿನವರು ಒದರಿದ್ರು. ಅಂವ ಮಾಸ್ಕ ತಗದು, "ಮೊದಲನೇ ಮಾತು, ಮಾಸ್ಕ ತಗೀಬಾರದು" ಅಂದು ಮತ್ತ ಹಾಕ್ಕೊಂಡ.

ಅಂತೂ ಹಾಕಿ ತಗದು ಹಾಕಿ ತಗದು ಹೇಳಿದ್ದು ಇಷ್ಟು. ಬೆಂಕಿ ಹಂತ್ಯಾಕ ಒಯ್ಯಬಾರದು. ನಾ ತಲಿ ತಗ್ಗಿಸಿದೆ. ಬ್ಯಾರೆ ಬಾಟ್ಲಿಗೆ ತುಂಬಬಾರದು, ಅದರಾಗೂ ಕುಡಿಯೂ ನೀರಿನ ಬಾಟ್ಲಿಗೆ ತುಂಬಲೇಬಾರದು. ಸೊಸಿ ತಲಿ ತಗ್ಗಿಸಿದ್ಲು. ಬ್ಯಾರೆ ಔಷಧ ಕೂಡಿಸಬಾರದು. ಅಕಿ ಇನ್ನೂ ತಗ್ಗಿಸಿದ್ಲು. ಕಿಡಕಿ ತಗದಿಟ್ಟು ಒರಸಬೇಕು. ಒತ್ತೂ ಮೊದಲ ಪಿಚಕಾರಿ ತೂತು ಯಾವ ಕಡೆ ಐತಿ ನೋಡಬೇಕು. ಕಣ್ಣಿಗೆ ಸಿಡದ್ರ ತಿಕ್ಕಬಾರದು, ಕಣ್ಣು ತಗದು ಹಿಡದು, ಹರಿಯೂ ನೀರಾಗ ಕಾಲು ತಾಸು ತೊಳೀಬೇಕು, ಆಮ್ಯಾಲ ಡಾಕ್ಟರಿಗೆ ತೋರಸಬೇಕು.

"ಕಾಲು ತಾಸು?" ಅಂತ ಯಾರೋ ಕೇಳಿದ್ರು.

"ಪೂರಾ ಕಾಲು ತಾಸು. ನಡಬರಕ ಬಿಡಬಾರದು, ಅವರು ಎಷ್ಟ ಒದರ್ಯಾಡ್ಲಿ" ಅಂದ. ಸೊಸಿ ಅದನ್ನ ಮಂತ್ರದಂಗ ಬಾಯಾಗ ಅಂದ್ಕೊಂಡ್ಲು. ಇದನ್ನ ನೀವೂ ನೆನಪಿಟ್ಟುಕೊಳ್ರಿ, ಮುಂದ ಬೇಕಾಗತೈತಿ.

"ಏನರ ಕೇಳೂದಿದ್ರ ಕೇಳ್ರಿ" ಅಂತ ಅಂವ ಬೆವರು ಒರಸಿಕೊಂಡ. ಟಿಬೇಟಿನ ಅಜ್ಜಿ ಜಪದ ಮಣಿ ನಿಲ್ಲಿಸಿ, ಕಣ್ಣು ತಗದು, ನನಗಿಂತ ಚಂದ ಕನ್ನಡದಾಗ ಕೇಳಿದ್ಲು: "ತಮ್ಮಾ, ಕೈಗೆ ತಾಗಬಾರದು, ಕಣ್ಣಿಗೆ ತಾಗಬಾರದು, ಮೂಗಿಗೆ ಹೋಗಬಾರದು, ಬೆಂಕಿ ಬ್ಯಾಡ, ಕಿಡಕಿ ತಗೀಬೇಕು ಅಂತಿ. ನಾ ಇಷ್ಟು ವರ್ಷ ಹಳೇ ಪೇಪರ್ ನೀರಾಗ ಅದ್ದಿ ಒರಸತೇನಿ. ಪೇಪರಿನಿಂದ ಏನರ ಆಗತೈತೇನು?"

ಖೋಲಿ ತುಂಬ ನಗು. ಮಾರಾಂವ ಮಾಸ್ಕ ತಗದ, ಹಾಕ್ಕೊಂಡ, ಮತ್ತ ತಗದ. "ಆಯಿ... ಪೇಪರ್ ಓದಿದ್ರ ತಲಿ ಕೆಡತೈತಿ" ಅಂದ.

ಅಜ್ಜಿಗೆ ಆ ಉತ್ತರಾ ಎಷ್ಟು ಸೇರಿತಂದ್ರ, ಎರಡು ಬಾಟ್ಲಿ ತಗೊಂಡ ಎದ್ಲು.

೫. ಮಂಗಟ್ಟಿ ಮತ್ತು ಮ್ಯಾನೇಜರ್

ಕಲತು ಬಂದಮ್ಯಾಲ ಸೊಸಿ ಗಾಜು ಒರಸೂದು ನೋಡಬೇಕಿತ್ತು. ಕಿಡಕಿ ತಗದು, ಕೈಗೆ ಚೀಲಾ ಹಾಕಿ, ಅರಬಿ ಮ್ಯಾಲ ಹೊಡದು, ಆಮ್ಯಾಲ ಗಾಜು ಮುಟ್ಟಾಕಿ. ಸಂಕ್ರಾಂತಿ ಹತ್ತರ ಬರೂದ್ರಾಗ ಆ ಹಾಲಿಗೆ ಗಾಜೇ ಇಲ್ಲೇನೋ ಅನ್ನೂವಂಗಾಗಿತ್ತು. ಆಗ ಬಂತು ನೋಡ್ರಿ ಇನ್ನೊಂದು ಫಜೀತಿ.

ಅಂಗಳದಾಗ ಒಂದು ಆಲದ ಗಿಡಾ ಐತಿ. ಅದರ ಹಣ್ಣಿಗೆ ಮಂಗಟ್ಟಿ ಹಕ್ಕಿ ಬರತೈತಿ. ನೀವು ನೋಡೀರಿ, ಹಳದಿ ಕೊಕ್ಕಿನ ಮ್ಯಾಲ ಹಳದಿ ಟೊಪಿಗಿ ಇಟಗೊಂಡಂಗ, ಹಾರಿದ್ರ ಗಿರಣಿ ಸುರು ಆದಂಗ ಸಪ್ಪಳ. ಅದು ಒಂದು ದಿನಾ ಗಾಜಿನ್ಯಾಗ ತನ್ನ ಮಾರಿ ನೋಡಿತು. ತನ್ನ ಗಿಡದ ಹಣ್ಣಿಗೆ ಇನ್ನೊಬ್ಬ ಬಂದಾನಂತ ಸಿಟ್ಟು. ಕೊಕ್ಕಿಲೆ ಟಕ್, ಟಕ್! ಗಾಜಿನ್ಯಾಗಿನಂವನೂ ಅಷ್ಟೇ ಸಿಟ್ಟಿನವ, ಹಿಂದ ಸರಿಯವಲ್ಲ. ದಿನಾ ಮುಂಜಾನೆ ಅದೇ ಜಗಳಾ. ಗಾಜು ಒಡೀತೈತೋ, ಪಾಪ ಅದರ ಕೊಕ್ಕು ಒಡೀತೈತೋ ಅಂತ ಸೊಸಿಗೆ ಚಿಂತಿ ಹತ್ತಿತು.

ಅಕಿ ಗೆಳತಿ ವಾಡ್ಯಾಗಿಂದ ಒಂದು ಕೌದಿ ತಂದ್ಲು. ಹಳೇ ಸೀರಿ ತುಂಡು ಕೂಡಿಸಿ ಅವರ ಅವ್ವ ಕೈಲೆ ಹೊಲದಿದ್ದು. ಕೆಂಪು, ಹಸರು, ಹಳದಿ, ನೋಡಿದ್ರ ಕಣ್ಣು ತುಂಬತಿತ್ತು. ಅದನ್ನ ಗಾಜಿನ ಹೊರಗ ನೇತ ಹಾಕಿದ್ರು. ಮಂಗಟ್ಟಿ ಬಂತು, ವೈರಿ ಕಾಣಲಿಲ್ಲ, ಗೆದ್ದೆ ಅಂತ ತಿಳದು ಸಮಾಧಾನದಿಂದ ಹಣ್ಣು ತಿಂತು. ಊಟಕ್ಕ ಬಂದವರು ಕೌದಿ ಮುಂದ ನಿಂತು ಫೋಟೋ ತಗಸಿಕೊಂಡ್ರು.

ಮಾಲಕರು ಬರೂ ದಿನಾ ಬಂತು. ನಮ್ಮ ಕಡೆ ಊಟಾ ಬೇಕು ಅಂತ ಹೇಳಿದ್ರಂತ, ರೊಟ್ಟಿ ಬಡಿಯಾಕ ನನ್ನ ಕರಿಸಿದ್ರು. ನಾ ಅಡಗಿಮನಿ ಕಿಡಕ್ಯಾಗಿಂದ ಎಲ್ಲಾ ನೋಡಾಕತ್ತಿದ್ದೆ. ಮ್ಯಾನೇಜರ್ ಬಿಳೇ ಅಂಗಿ, ಟೈ ಹಾಕ್ಕೊಂಡು ಬಂದ. ಬಂದಾಂವನ ಕೌದಿ ಜಗ್ಗಿ ತಗದ.

"ಸರ್, ಅದನ್ನ ಬಿಡ್ರಿ. ಹಕ್ಕಿ ಬರತೈತಿ" ಅಂದ್ಲು ಸೊಸಿ.

"ಮಾಲಕರು ಗಾಜು ನೋಡಾಕ ಬರ್ತಾರ. ನಿಮ್ಮ ಹಾಸಿಗಿ ನೋಡಾಕಲ್ಲ."

ಕೌದಿ ಕೆಳಗ ಬಿತ್ತೋ ಇಲ್ಲೋ, ಗಿರಣಿ ಸಪ್ಪಳ ಕೇಳಿತು. ಮಂಗಟ್ಟಿ ಬಂತು, ಹಳೇ ವೈರೀನ ನೋಡಿತು. ಟಕ್! ಟಕ್! ಗಾಜಿನ ಮ್ಯಾಲ ಆಲದ ಹಣ್ಣಿನ ರಸಾ, ಪಿಕ್ಕಿ, ಎಲ್ಲಾ. ಮ್ಯಾನೇಜರ್ ಕೈಯಾಗಿನ ಫೋನು ಹೊಡಕೊಂತು. "ಸರ್ ಗೇಟಿಗೆ ಬಂದ್ರಿ? ಬರ್ರಿ ಸರ್, ಬರ್ರಿ" ಅಂದು, ಫೋನು ಕಿಸೇದಾಗ ಹಾಕಿ, ಸೊಸಿ ಕೈಯಾಗಿನ ನೀಲಿ ಬಾಟ್ಲಿ ಕಸಗೊಂಡು ಹಕ್ಕಿ ಕಡೆ ಓಡಿದ. "ನಿನಗ ಬರೋಬ್ಬರಿ ಮಾಡ್ತೇನಿ ತಡಿ!"

"ಸರ್, ಬ್ಯಾಡ್ರಿ! ಕಣ್ಣಿಗೆ ಬೀಳತೈತಿ!"

"ಅದರ ಕಣ್ಣಿನ ಕಾಳಜಿ ನಿನಗ್ಯಾಕ?"

"ಅದರದ್ದಲ್ರೀ ಸರ್, ನಿಮ್ಮದು! ತೂತು ನಿಮ್ಮ ಕಡೆ ಐತ್ರಿ!"

ಫುಸ್.

"ಅಯ್ಯಯ್ಯೋ!" ಅಂತ ಮ್ಯಾನೇಜರ್ ಎರಡೂ ಕೈಲೆ ಕಣ್ಣು ತಿಕ್ಕಾಕ ಹೋದ. ನಮ್ಮ ಸೊಸಿ ಹುಲಿಯಂಗ ಜಿಗದ್ಲು. ಟೈ ಹಿಡದು ಜಗ್ಗಿಕೊಂಡು ಹೂವಿನ ಗಿಡಕ್ಕ ನೀರು ಬಿಡೂ ಪೈಪಿನ ಹಂತ್ಯಾಕ ತಂದ್ಲು. "ನಳಾ ಬಿಡಲೇ!" ಅಂತ ಗೆಳತಿಗೆ ಒದರಿದ್ಲು. "ಅತ್ಯಾರ, ಬರ್ರಿ! ಕೈ ಹಿಡೀರಿ, ತಿಕ್ಕಾಕ ಬಿಡಬ್ಯಾಡ್ರಿ!" ನಾ ಹಿಟ್ಟಿನ ಕೈಲೆನ ಓಡಿ ಹೋಗಿ ಅವನ ಎರಡೂ ಕೈ ಹಿಂದ ಹಿಡದೆ. ಸೊಸಿ ಒಂದು ಕೈಲೆ ಕುತ್ತಿಗಿ ಬಗ್ಗಿಸಿ, ಇನ್ನೊಂದು ಕೈಲೆ ನೀರು ಬಿಟ್ಲು.

"ಕಣ್ಣು ತಗೀರಿ ಸರ್!"

"ಬಿಡ, ಸಾಕು! ಉಸರು ಕಟ್ಟಾಕತ್ತೈತಿ!"

"ಬಾಯಿ ಮುಚ್ಚಿ ಕಣ್ಣು ತಗೀರಿ! ನೀವು ಉಲ್ಟಾ ಮಾಡಾಕತ್ತೀರಿ!"

ಹಂಗ ಇರೂ ಮುಂದ ಕಾರು ಬಂದು ನಿಂತಿತು. ಮಾಲಕರು ಇಳದ್ರು. ಅವರ ಕಣ್ಣಿಗೆ ಕಂಡದ್ದು ಇಷ್ಟು: ತಮ್ಮ ಮ್ಯಾನೇಜರ್ ಹೂವಿನ ಪಾತ್ಯಾಗ ಬಗ್ಗಿ ನಿಂತಾನ. ಗಾಜು ಒರಸೂ ಹೆಂಗಸು ಅವನ ಕುತ್ತಿಗಿ ಹಿಡದಾಳ. ಯಾವಳೋ ಮುದುಕಿ ಕೈ ತಿರುವಿ ಹಿಡದಾಳ. ಇನ್ನೊಬ್ಬಾಕಿ ನಳದ ಮುಂದ ಬಿದ್ದು ಬಿದ್ದು ನಗಾಕತ್ತಾಳ. ಮ್ಯಾಲ ಆಲದ ಟೊಂಗಿ ಮ್ಯಾಲ ಮಂಗಟ್ಟಿ ಕುತ್ತಿಗಿ ಓರೆ ಮಾಡಿ ನೋಡಾಕತ್ತೈತಿ.

"ಏನು ನಡದೈತಿ ಇಲ್ಲಿ?" ಅಂದ್ರು ಮಾಲಕರು.

ಹೋತು, ಕಾರ್ಡ್ ಹೋತು, ಹೆಸರು ಹೋತು ಅಂದ್ಕೊಂಡೆ. ಸೊಸಿ ಮಾರಿ ಬಿಳಿಚಿತ್ತು. ಆದ್ರ ಕೈ ಬಿಡಲಿಲ್ಲ ನೋಡ್ರಿ. ನೀರೂ ನಿಲ್ಲಿಸಲಿಲ್ಲ. ಹಕ್ಕಿಗೆ ಹೊಡ್ಯಾಕ ಹೋಗಿ ತನ್ನ ಕಣ್ಣಿಗೆ ಹೊಡಕೊಂಡೆ ಅಂತ ಮ್ಯಾನೇಜರ್ ಹೆಂಗ ಹೇಳ್ಯಾನು? ನೀರೊಳಗಿಂದನ ಗುಳು ಗುಳು ಅಂತ ಉತ್ತರಾ ಕೊಟ್ಟ:

"ಟ್ರೇನಿಂಗ್ ಸರ್! ಸೇಫ್ಟಿ ಟ್ರೇನಿಂಗ್!"

ಮಾಲಕರು ಹಂತ್ಯಾಕ ಬಂದು ಬಗ್ಗಿ ನೋಡಿದ್ರು. ಆಮ್ಯಾಲ ಮಾರಿ ಅರಳಿತು. "ಎಷ್ಟು ಖರೇಖರೇ ಮಾಡಾಕತ್ತೀರಿ! ಇನ್ನೂ ಎಷ್ಟು ಹೊತ್ತು ಐತಿ?"

"ಪೂರಾ ಕಾಲು ತಾಸು ತೊಳೀಬೇಕ್ರಿ. ಈಗಷ್ಟ ಸುರು ಆಗೇತ್ರಿ" ಅಂದ್ಲು ಸೊಸಿ.

"ಹಂಗಾದ್ರ ಪೂರಾ ಮುಗಸ್ರಿ. ನಾ ನೋಡ್ತೇನಿ" ಅಂತ ಮಾಲಕರು ಕುರ್ಚಿ ತರಿಸಿ ಕುಂತ್ರು. ಟ್ರೇನಿಂಗ್ ಅಂದಮ್ಯಾಲ ಮ್ಯಾನೇಜರ್ ಎದ್ದು ಹೋಗೂವಂಗಿಲ್ಲ. ಮಾಲಕರಿಗೆ ಚಾ ಬಂತು, ಕುಡದ್ರು. ರೊಟ್ಟಿ ಬಂತು, ಅಲ್ಲೇ ಕುಂತು ತಿಂದ್ರು. ನೀರು ಹರೀತಾನ ಇತ್ತು.

ಕಡೀಕ ಸೊಸಿ ನಳಾ ನಿಲ್ಲಿಸಿ, ಮ್ಯಾನೇಜರನ ಕಣ್ಣು ಅಗಲಿಸಿ ನೋಡಿ, "ಈಗ ಡಾಕ್ಟರ್ ಕಡೆ ಹೋಗಿ ಬರ್ರಿ ಸರ್. ಅದೂ ಟ್ರೇನಿಂಗಿನ್ಯಾಗ ಬರತೈತಿ" ಅಂದ್ಲು.

ಮಾಲಕರು ಎದ್ದು ನಿಂತು ಮ್ಯಾನೇಜರಿಗೆ ಕೇಳಿದ್ರು, "ಎಲ್ಲಾರಿಗೂ ಟ್ರೇನಿಂಗ್ ಕೊಡೂ ಇಕಿ ನಮ್ಮ ಕಾಯಂ ಆಳು ಹೌದಲ್ಲೋ?"

ಮ್ಯಾನೇಜರ್ ನಮ್ಮ ಸೊಸಿ ಕಡೆ ನೋಡಿದ. ಅಕಿ ಪೈಪು ಇನ್ನೂ ಕೈಯಾಗ ಹಿಡದಿದ್ಲು.

"ಹೌದ್ರಿ ಸರ್" ಅಂದ. "ಕಾಯಂ!"

ಈಗ ಯಾರ್‍ಯಾರು ಹೆಂಗದಾರ

ಚಾ ಆರಿ ಹೋತು ನೋಡ್ರಿ, ತಡೀರಿ, ಮತ್ತ ಕಾಸ್ತೇನಿ. ಎಲ್ಲಾರೂ ಏನಾದ್ರು ಅಂತ ಹೇಳದ ಬಿಟ್ರ ನಿಮಗ ನಿದ್ದಿ ಬರೂದಿಲ್ಲ.

ಮ್ಯಾನೇಜರನ ಕಣ್ಣು ಚಲೋ ಐತಿ. ಸ್ವಲ್ಪ ಕೆಂಪಾಗೇತಿ, ಬ್ಯಾರೆ ಏನೂ ಇಲ್ಲ ಅಂತ ಡಾಕ್ಟರ್ ಹೇಳಿದ್ರು. ಈಗ ಅಂವ ಅತ್ತರಿನ ಬಾಟ್ಲಿ ಒತ್ತೂ ಮುಂದನೂ ತೂತು ಯಾವ ಕಡೆ ಐತಿ ಅಂತ ಬೆರಳಿಲೆ ತೋರಿಸಿ ಕೇಳತಾನ. ಕೌದಿ ಮಾಲಕರಿಗೆ ಸೇರಿತು. ಗಾಜಿಗೆಲ್ಲಾ ಅದನ್ನ ನೇತ ಹಾಕ್ರಿ ಅಂದ್ರು. ಗೆಳತಿ ಅವ್ವ ಈಗ ವಾಡ್ಯಾಗಿನ ಹೆಣ್ಣುಮಕ್ಕಳನ್ನ ಕೂಡಿಸಿಕೊಂಡು ರೆಸಾರ್ಟಿಗೆ ಕೌದಿ ಹೊಲೀತಾಳ. ಗೆಳತಿನೂ ಕಾಯಂ ಆದ್ಲು. ಟ್ರೇನಿಂಗಿನ್ಯಾಗ ನಳಾ ಬಿಡೂ ಕೆಲಸ ಅಕಿದ. ಇವತ್ತೂ ನಗದ ನಳಾ ಬಿಡಾಕ ಬರೂದಿಲ್ಲ.

ಮುಂಡಗೋಡದ ಮಾರಾಂವ ಈಗ ಬಾಟ್ಲಿ ಜೋಡಿ ಹಳೇ ಪೇಪರನೂ ಮಾರತಾನಂತ. ಟಿಬೇಟಿನ ಅಜ್ಜಿ ಅವನ ಬಾಟ್ಲಿ ಸೀಲು ಒಡೀದ ಹೋಟೆಲಿನ ಮ್ಯಾಲಿನ ಹಲಗಿ ಮ್ಯಾಲ ಶೋಕಿಗೆ ಇಟ್ಟಾಳ. ಅದರ ಮ್ಯಾಲಿನ ಧೂಳಾ ದಿನಾ ಒದ್ದಿ ಪೇಪರಿನಿಂದ ಒರಸ್ತಾಳ.

ಮಾಳಕರಿ ಮಗಳ ಲಗ್ನ ಆತು, ಅಕಿ ಹಳಿಯಾಳದಾಗ ಸುಖವಾಗಿ ಅದಾಳ. ಖರೆ ಸಂಗತಿ ಗೊತ್ತಾದ ದಿನಾ ಬೀಗ ಊಟಾ ಮಾಡಲಿಲ್ಲಂತ. ಆಮ್ಯಾಲ ಅಂವನೂ ತುಳಸಿ ಮಾಲಿ ಹಾಕ್ಕೊಂಡ. ಬರೂ ಆಷಾಢಕ್ಕ ಇಬ್ಬರೂ ಕೂಡಿ ಪಂಢರಪುರಕ್ಕ ನಡಕೊಂಡ ಹೋಗವ್ರು. ಮಾಳಕರಿ ಧೋತರಕ್ಕ ಈಗ ಆ ಅಕ್ಕ ನೀಲಿನ ಹಾಕೂದಿಲ್ಲ. ಹಳದಿ ಆದ್ರ ಆಗಲಿ ಅಂತಾಳ.

ನಮ್ಮ ಯಜಮಾನ್ರ ಮೀಸಿ ಮತ್ತ ಬಂದೈತಿ. ದೀಪ ಹಚ್ಚೂ ಮುಂದ ಬಾಗಲಾ ಹಾಕಿ, ನಾ ಎಲ್ಲಿದ್ದೇನಿ ಅಂತ ಒಳಗಿಂದ ಕೂಗಿ ಕೇಳ್ತಾರ. ಅಡಗಿಮನ್ಯಾಗ ಅಂದಮ್ಯಾಲನ ಕಡ್ಡಿ ಗೀರತಾರ. 

ಮಂಗಟ್ಟಿ ಈಗ ಹೆಂಡ್ತೀನ ಕರಕೊಂಡ ಬರತೈತಿ. ಒಂದೊಂದು ಸಲ ಕೌದಿ ಅಂಚಿಗೆ ಕೊಕ್ಕು ಹಾಕಿ ಸರಿಸಿ, ಆ ಹೇಡಿ ಇನ್ನೂ ಅದಾನೇನು ಅಂತ ಹಣಿಕಿ ಹಾಕತೈತಿ.

ಇನ್ನ ಸೊಸಿ. ಕಾರ್ಡಿನ ಫೋಟೋ ಅದೇ ದಿನಾ ತಗದ್ರು, ಮಾಲಕರು ತಡಾ ಬ್ಯಾಡಂದ್ರು. ಅಕಿ ತಲಿಯಿಂದ ಕಾಲತನಕ ತೊಯ್ದಿದ್ಲು. ಕೂದಲಾ ಮಾರಿಗೆ ಅಂಟಿತ್ತು, ಸೆರಗಿನಿಂದ ನೀರು ಇಳಿಯಾಕತ್ತಿತ್ತು. ಸೂಪಾ ಡ್ಯಾಮಿನ್ಯಾಗಿಂದ ಈಗ ತಗದಂಗ ಕಾಣತಾಳ. "ಬ್ಯಾರೆ ಫೋಟೋ ತಗಿಸ್ಕೋ" ಅಂತ ಎಲ್ಲಾರೂ ಹೇಳಿದ್ರು. ಒಲ್ಲೆ ಅಂದ್ಲು. ಫೋಟೋದ ಕೆಳಗ ಅಕಿ ಹೆಸರು ಐತಿ. ನನಗ ಓದಾಕ ಬರೂದಿಲ್ಲ ಅಂದೆನಲ್ಲ? ಅದೊಂದು ಬರತೈತಿ. ದಿನಾ ಮುಂಜಾನೆ ಅಕಿ ವ್ಯಾನ್ ಹತ್ತೂ ಮೊದಲ ಆ ಕಾರ್ಡ್ ನಾನ ಒರಸಿ ಕೊಡ್ತೇನಿ.

ಸೆರಗಿಲೆ ಒರಸ್ತೇನ್ರಿ. ಆ ಬಾಟ್ಲಿ ಮುಟ್ಟಾಕ ನನಗ ಯಾರು ಬಿಡ್ತಾರ?